ಜಾಝ್ ಗಿಟಾರ್ ನಂಬಿಕೊಂಡು ಕೆಲಸ ಬಿಡಬಹುದಾ?

ಪ್ರಶ್ನೆ: ನನಗೆ 27 ವರ್ಷ. ಊರು ಶಿವಮೊಗ್ಗ. ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. 15ನೇ ವಯಸ್ಸಿಗೆ ಗಿಟಾರ್ ಹಿಡಿದೆ, ಕಳೆದ ಐದು ವರ್ಷದಿಂದ ಜಾಝ್ ಬಿಟ್ಟು ಬೇರೇನೂ ತಲೆಗೆ ಹತ್ತುತ್ತಿಲ್ಲ. ತಿಂಗಳಿಗೆ ಎರಡು ಶನಿವಾರ ಒಂದು ಕೆಫೆಯಲ್ಲಿ ನಮ್ಮ ಟ್ರಯೋ ನುಡಿಸುತ್ತದೆ. ಎರಡು ಕನ್ನಡ ಸಿನಿಮಾ ಹಾಡುಗಳಿಗೆ ಸೆಷನ್ ಮಾಡಿದ್ದೇನೆ, ಅಂದರೆ ಸ್ಟುಡಿಯೋಗೆ ಹೋಗಿ ದುಡ್ಡಿಗೆ ಗಿಟಾರ್ ನುಡಿಸಿ ಬಂದಿದ್ದೇನೆ. ಮೊದಲನೆಯದು ಚೆನ್ನಾಗಿ ಬಂತು. ಎರಡನೆಯದಕ್ಕೆ ಟೇಕ್ ಓಕೆ ಅಂದರು, ದುಡ್ಡೂ ಕೊಟ್ಟರು, ಆದರೆ ಹಾಡು ಹೊರಗೆ ಬಂದಾಗ ಕೇಳಿದರೆ ಅದರಲ್ಲಿ ಇನ್ಯಾರದೋ ಗಿಟಾರ್. ಆಮೇಲೆ ಆ ಕಡೆಯಿಂದ ಫೋನೇ ಬರಲಿಲ್ಲ. ನಾನು ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಬೇಕು ಅಂತಿದ್ದೇನೆ. ಅಪ್ಪ ಸಂಗೀತ ಊಟ ಹಾಕಲ್ಲ ಅನ್ನುತ್ತಾರೆ. ಒಬ್ಬ ಗೆಳೆಯ ಇಂಡಿಯಾದಲ್ಲಿ ಜಾಝೇ ಇಲ್ಲ, ಸಾಲ ಮಾಡಿ ಅಮೆರಿಕಾಗೆ ಓದಲು ಹೋಗು ಅನ್ನುತ್ತಾನೆ. ಇನ್ನೊಬ್ಬ ಎಐ ಬಂದಿದೆ, ಸೆಷನ್ ಕಥೆ ಮುಗೀತು ಅನ್ನುತ್ತಾನೆ. ನನಗೆ ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ಓದಲು ಬರುವುದಿಲ್ಲ. ಮೂರು ತಿಂಗಳಿಂದ ಎಡಗೈ ಮಣಿಕಟ್ಟು ನೋವು, ಕಿರುಬೆರಳು ಜುಮ್ಮೆನ್ನುತ್ತದೆ. ಏನು ಮಾಡಲಿ?

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು, ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವುದು ಆ ಎರಡನೇ ಹಾಡು. ಅಪ್ಪನ ಮಾತು, ಗೆಳೆಯರ ಮಾತು ಎಲ್ಲಾ ಅದರ ಹಿಂದೆ ಬಂದು ಸೇರಿಕೊಂಡಿವೆ. ನನ್ನನ್ನೇ ತೆಗೆದುಹಾಕಿದರಲ್ಲ, ನನಗೆ ಈ ಕೆಲಸ ಬರುವುದೇ ಇಲ್ಲವಾ ಅನ್ನುವ ಭಯ. ಅಲ್ವಾ? ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು 26 ವರ್ಷದಿಂದ ಬೆಂಗಳೂರು, ಚೆನ್ನೈ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ನನ್ನ ಟ್ರ್ಯಾಕ್ ತೆಗೆದು ಬೇರೆಯವರದನ್ನು ಹಾಕಿದ್ದು ಎಷ್ಟು ಸಲವೋ, ಲೆಕ್ಕ ಇಟ್ಟಿಲ್ಲ. ಬೇರೆಯವರದನ್ನು ತೆಗೆದು ನನ್ನದನ್ನು ಹಾಕಿದ್ದೂ ಉಂಟು. ಅಮೆರಿಕಾದ ಸ್ಟೀಲಿ ಡ್ಯಾನ್ ತಂಡ 1977ರಲ್ಲಿ ಪೆಗ್ ಅನ್ನುವ ಹಾಡಿನ ಒಂದು ಚಿಕ್ಕ ಸೋಲೋಗೆ ಒಬ್ಬರಾದ ಮೇಲೆ ಒಬ್ಬರಂತೆ ಗಿಟಾರ್‌ನವರನ್ನು ಕರೆಸಿತ್ತು. ಅವರೆಲ್ಲ ಒಳ್ಳೊಳ್ಳೆ ಕೈಗಳು. ಕೊನೆಗೆ ಉಳಿದದ್ದು ಜೇ ಗ್ರೇಡನ್ ನುಡಿಸಿದ್ದು. ಉಳಿದವರಿಗೆ ಗಿಟಾರ್ ಬರುತ್ತಿರಲಿಲ್ಲ ಅಂತ ಯಾರೂ ಹೇಳಲಿಲ್ಲ. ಆ ಹಾಡಿಗೆ ಅವರು ಒಗ್ಗಲಿಲ್ಲ, ಅಷ್ಟೇ. ಟ್ರ್ಯಾಕ್ ಬದಲಾದದ್ದನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ಆಮೇಲೆ ಫೋನ್ ಬರಲಿಲ್ಲ ಅಂದಿರಲ್ಲ, ಅದನ್ನು ಹಚ್ಚಿಕೊಳ್ಳಬೇಕು. ಸೆಷನ್ ಕೆಲಸದಲ್ಲಿ ಮೊದಲನೇ ಫೋನ್ ಪರಿಚಯದಿಂದ ಬರುತ್ತದೆ. ಅವತ್ತು ಬರಬೇಕಿದ್ದವನಿಗೆ ಜ್ವರ ಬಂದಿದ್ದರೂ ಬರುತ್ತದೆ. ಎರಡನೇ ಫೋನ್ ಹಾಗಲ್ಲ, ಅದು ನಿಮ್ಮ ಕೆಲಸ ನೋಡಿಯೇ ಬರಬೇಕು. ಈ ಕಸುಬಿನ ವರಮಾನವೆಲ್ಲ ನಿಂತಿರುವುದು ಆ ಎರಡನೇ ಫೋನಿನ ಮೇಲೆ.

ನೀವು ಪತ್ರದ ಜೊತೆ ಕಳಿಸಿದ್ದ ಎರಡೂ ರೆಕಾರ್ಡಿಂಗ್ ಕೇಳಿದೆ. ನಿಮ್ಮ ಕೈ ಚೆನ್ನಾಗಿದೆ, ಸ್ವಿಂಗ್ ಇದೆ, ಕಿವಿ ಇದೆ. ಎರಡನೇ ಹಾಡಿನಲ್ಲಿ ಏನಾಗಿದೆ ಅಂದರೆ, ಚರಣದ ಉದ್ದಕ್ಕೂ ನೀವು ಐದೈದು ತಂತಿಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹಿಡಿದಿದ್ದೀರಿ. ನೈಂತ್, ಥರ್ಟೀಂತ್ ಅನ್ನುವ ಮೇಲಿನ ಬಣ್ಣದ ಸ್ವರಗಳನ್ನೆಲ್ಲಾ ಸೇರಿಸಿದ್ದೀರಿ. ಒಂಟಿಯಾಗಿ ಕೇಳಿದರೆ ಸೊಗಸಾಗಿದೆ. ಆದರೆ ಅಲ್ಲಿ ಬೇಸ್ ಗಿಟಾರ್ ಇದೆ, ಕೀಬೋರ್ಡಿನ ಎಡಗೈ ಇದೆ, ಮೇಲೆ ಹೆಣ್ಣು ದನಿ ಹಾಡುತ್ತಿದೆ. ಕೆಳಗಿನ ಸ್ವರವನ್ನು ಬೇಸ್ ಆಗಲೇ ಹೇಳಿಬಿಟ್ಟಿದೆ. ನೀವು ಮೇಲೆ ಹಾಕಿದ ಸ್ವರಗಳು ಹಾಡುವವರ ಸ್ವರಕ್ಕೆ ಅಡ್ಡ ಬರುತ್ತಿವೆ. ಮಿಕ್ಸ್ ಮಾಡುವವರು ನಿಮ್ಮ ಗಿಟಾರ್ ಜಾಸ್ತಿ ಮಾಡಿದರೆ ಹಾಡು ಮುಚ್ಚಿಹೋಗುತ್ತದೆ, ಕಮ್ಮಿ ಮಾಡಿದರೆ ಗಿಟಾರ್ ಇದ್ದೂ ಇಲ್ಲದ ಹಾಗಾಗುತ್ತದೆ. ಅಂಥ ಹೊತ್ತಿನಲ್ಲಿ ಅವರು ಬೇರೆ ಯಾರಿಗೋ ಫೋನ್ ಮಾಡುತ್ತಾರೆ. ನಿಮಗೆ ಹೇಳುವುದಿಲ್ಲ, ಯಾಕೆಂದರೆ ಹೇಳುವಷ್ಟು ಹೊತ್ತು ಅವರಿಗಿರುವುದಿಲ್ಲ.

ನಾನು ಇದನ್ನು ಕಲಿತದ್ದು ಚೆನ್ನೈನಲ್ಲಿ, ನನ್ನ ನಾಲ್ಕನೆಯದೋ ಐದನೆಯದೋ ಸೆಷನ್ನಿನಲ್ಲಿ. ಎರಡು ಟೇಕ್ ಆಗಿತ್ತು. ಅರೇಂಜರ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅಂತ ಗೊತ್ತುಮಾಡುವವರು, ಒಳಗಿನಿಂದ ಎದ್ದು ಬೂತಿಗೆ ಬಂದರು. ಮಾತಾಡಲಿಲ್ಲ. ನನ್ನ ಗಿಟಾರಿನ ಎರಡು ದಪ್ಪ ತಂತಿಗಳ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದರು. ಆಮೇಲೆ ಎರಡು ಸಣ್ಣ ತಂತಿಗಳ ಮೇಲೂ ಬೆರಳಿಟ್ಟು ತಲೆ ಅಲ್ಲಾಡಿಸಿದರು. ಉಳಿದದ್ದು ನಡುವಿನ ಎರಡು ತಂತಿ. ಮುಂದಿನ ಟೇಕ್ ಓಕೆ ಆಯಿತು.

ಕೈ ಒಪ್ಪಿದ ಮೇಲೆ ಗಿಟಾರ್ ತೆಗೆದುಕೊಂಡು ಇದನ್ನು ಮಾಡಿ ನೋಡಿ. ನೀವು ದಿನಾ ನುಡಿಸುವ ಟೂ-ಫೈವ್-ಒನ್ನೇ ಸಾಕು, ಜಾಝ್ ಹಾಡುಗಳಲ್ಲಿ ಪದೇ ಪದೇ ಬರುವ ಆ ಮೂರು ಕಾರ್ಡಿನ ಸಾಲು: ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ನಾಲ್ಕನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ (ಗಿಟಾರ್ ಕುತ್ತಿಗೆಯ ಅಡ್ಡಪಟ್ಟಿ) ಎಫ್, ಮೂರನೇ ತಂತಿಯ ಐದನೇ ಫ್ರೆಟ್ಟಿನಲ್ಲಿ ಸಿ. ಇವೆರಡೇ ಸ್ವರ ಡಿ ಮೈನರ್ ಸೆವೆನ್‌ಗೆ ಸಾಕು. ಜಿ ಸೆವೆನ್ ಬಂದಾಗ ಎಫ್ ಹಾಗೇ ಇರಲಿ, ಸಿ ಒಂದು ಫ್ರೆಟ್ ಕೆಳಗೆ ಇಳಿದು ಬಿ ಆಗಲಿ. ಸಿ ಮೇಜರ್ ಬಂದಾಗ ಬಿ ಹಾಗೇ ಇರಲಿ, ಎಫ್ ಒಂದು ಫ್ರೆಟ್ ಇಳಿದು ಇ ಆಗಲಿ. ಪ್ರತಿ ಸಲವೂ ಒಂದು ಬೆರಳು, ಒಂದೇ ಫ್ರೆಟ್. ಬೇಸ್‌ನವರು ಕೆಳಗೆ ಡಿ, ಜಿ, ಸಿ ನುಡಿಸುತ್ತಿದ್ದರೆ ಈ ಎರಡು ತಂತಿಯಲ್ಲೇ ಪೂರ್ತಿ ಹಾರ್ಮನಿ ಕೇಳಿಸುತ್ತದೆ. ಹಾಡುವವರಿಗೆ ಮೇಲೆಲ್ಲ ಜಾಗ ಖಾಲಿ. ಇದು ಜಾಝ್‌ನಿಂದಲೇ ಬಂದ ವಿದ್ಯೆ. ಅಮೆರಿಕಾದ ಕೌಂಟ್ ಬೇಸಿ ಜಾಝ್ ಬ್ಯಾಂಡಿನಲ್ಲಿ ಗಿಟಾರಿಸ್ಟ್ ಫ್ರೆಡ್ಡಿ ಗ್ರೀನ್ 1937ರಿಂದ 1987ರಲ್ಲಿ ಸಾಯುವವರೆಗೆ, ಹತ್ತಿರ ಹತ್ತಿರ 50 ವರ್ಷ, ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ನಾಲ್ಕು ಹೊಡೆತ, ಎರಡು ಮೂರು ಸ್ವರ, ಹೀಗೇ ನುಡಿಸಿದರು. ಸೋಲೋ ನುಡಿಸಿದ್ದು ತೀರಾ ಅಪರೂಪ. ಇಡೀ ಬ್ಯಾಂಡಿನ ಉಸಿರಾಟ ಅವರ ಬಲಗೈಯಲ್ಲಿತ್ತು. ನೀವು ಐದು ವರ್ಷ ಸೋಲೋ ಹಿಂದೆ ಹೋಗಿದ್ದೀರಿ, ಅದು ತಪ್ಪಲ್ಲ. ಇನ್ನೊಂದು ವರ್ಷ ಫ್ರೆಡ್ಡಿ ಗ್ರೀನ್ ಹಿಂದೆ ಹೋಗಿ.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಇಂಡಿಯಾದಲ್ಲಿ ಜಾಝೇ ಇಲ್ಲ ಅನ್ನುವುದು ಸುಳ್ಳು. ಹಿಂದಿ ಸಿನಿಮಾ ಸಂಗೀತದ ಆರ್ಕೆಸ್ಟ್ರಾ ಕಟ್ಟಿದವರಲ್ಲಿ ಗೋವಾದ ಜಾಝ್ ಕೈಗಳು ಎಷ್ಟೋ. ಓ.ಪಿ. ನಯ್ಯರ್, ಶಂಕರ್-ಜೈಕಿಶನ್ ಹಾಡುಗಳನ್ನು ಅರೇಂಜ್ ಮಾಡಿದ ಸೆಬಾಸ್ಟಿಯನ್ ಡಿಸೋಜಾ ಅದಕ್ಕೂ ಮೊದಲು ಲಾಹೋರಿನ ಹೋಟೆಲಿನಲ್ಲಿ ಬ್ಯಾಂಡ್ ನಡೆಸುತ್ತಿದ್ದವರು. ಸಿ. ರಾಮಚಂದ್ರ ಅವರ ಹಾಡುಗಳಲ್ಲಿ ಕೇಳುವ ಟ್ರಂಪೆಟ್ಟಿನ ಹಿಂದೆ ಚಿಕ್ ಚಾಕೊಲೇಟ್ ಇದ್ದರು. 1978ರಲ್ಲಿ ಮುಂಬೈಯಲ್ಲಿ ಜಾಝ್ ಯಾತ್ರಾ ಅನ್ನುವ ಉತ್ಸವ ಶುರುವಾಯಿತು, ಹೊರದೇಶದ ದೊಡ್ಡ ದೊಡ್ಡವರು ಬಂದು ನುಡಿಸಿದರು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಗಿಟಾರಿಸ್ಟ್ ಕಾರ್ಲ್‌ಟನ್ ಕಿಟ್ಟೋ ಅವರನ್ನು ನೀವು ಕೇಳಿದ್ದೀರಾ? ಕೇಳಿಲ್ಲ ಅಂದರೆ ಈ ವಾರವೇ ಹುಡುಕಿ ಕೇಳಿ. ಅಮೆರಿಕಾದ ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ರೆಕಾರ್ಡ್ ಕೇಳಿಕೊಂಡು ತಾವೇ ಬೀಬಾಪ್ (ವೇಗದ, ಜಟಿಲವಾದ ಜಾಝ್ ಶೈಲಿ) ಕಲಿತರು, ಕೋಲ್ಕತ್ತಾಗೆ ಹೋಗಿ ಪಾರ್ಕ್ ಸ್ಟ್ರೀಟಿನ ಕ್ಲಬ್ಬುಗಳಲ್ಲಿ ನುಡಿಸಿದರು, ಆ ಕ್ಲಬ್ಬುಗಳ ಕಾಲ ಮುಗಿದ ಮೇಲೂ ಬೀಬಾಪ್ ಬಿಡಲಿಲ್ಲ, 2016ರಲ್ಲಿ ತೀರಿಕೊಳ್ಳುವವರೆಗೂ ಹುಡುಗರಿಗೆ ಪಾಠ ಹೇಳಿಕೊಟ್ಟರು.

ನಿಮ್ಮ ಅಪ್ಪನಿಗೆ ಹೇಳಲು ಒಂದು ಹೆಸರು ಬೇಕಿದ್ದರೆ ಇಳಯರಾಜಾ ಅವರದು ಹೇಳಿ. ಹೆಸರು ಮಾಡುವ ಮೊದಲು ಅವರು ಚೆನ್ನೈನಲ್ಲಿ ಸೆಷನ್ ಗಿಟಾರ್ ನುಡಿಸುತ್ತಿದ್ದರು, ನಮ್ಮ ಕನ್ನಡ ಹಾಡುಗಳ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ವರ್ಷಗಟ್ಟಲೆ ದುಡಿದರು. ಬೇರೆಯವರ ಹಾಡಿಗೆ ನುಡಿಸುತ್ತಾ ನುಡಿಸುತ್ತಾ ಆರ್ಕೆಸ್ಟ್ರಾ ಹೇಗೆ ಕೂರುತ್ತದೆ ಅನ್ನುವುದನ್ನು ಒಳಗಿನಿಂದ ನೋಡಿದವರು.

ಆದರೆ ಅಪ್ಪನ ಮಾತಿನಲ್ಲೂ ನಿಜ ಇದೆ. ಬರೀ ಜಾಝ್ ನುಡಿಸಿ ಊಟ ಮಾಡುತ್ತೇನೆ ಅಂದರೆ ಅದು ಅಮೆರಿಕಾದಲ್ಲೇ ಕಷ್ಟ. ಜಾಝ್ ಗಿಟಾರಿನ ದೊಡ್ಡ ಹೆಸರು ವೆಸ್ ಮಾಂಟ್ಗೋಮರಿ ಇಂಡಿಯಾನಾಪೊಲಿಸ್‌ನಲ್ಲಿ ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಕ್ಲಬ್ಬಿನಲ್ಲಿ ನುಡಿಸುತ್ತಿದ್ದರು. ಮನೆಯಲ್ಲಿ ಮಕ್ಕಳ ದೊಡ್ಡ ಸಂಸಾರ. ನ್ಯೂಯಾರ್ಕಿನ ರೆಕಾರ್ಡ್ ಕಂಪನಿ ಅವರನ್ನು ಹುಡುಕಿಕೊಂಡು ಬಂದದ್ದು 1959ರಲ್ಲಿ, ಆಗ ಅವರಿಗೆ 36 ವರ್ಷ. ಟಾಲ್ ಫಾರ್ಲೋ ಅಂಥ ಕೈ ಇದ್ದವರು ವರ್ಷಗಟ್ಟಲೆ ಬೋರ್ಡ್ ಬರೆದು ಬದುಕಿದರು. ನಾನು ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಅವರು ಹಗಲು ಕೆಲಸ ಮಾಡಿದ್ದರಿಂದ ಅವರ ಜಾಝ್ ಕಮ್ಮಿಯಾಗಲಿಲ್ಲ ಅಂತ ಹೇಳುತ್ತಿದ್ದೇನೆ.

ಸೆಷನ್ ಮತ್ತು ಜಾಝ್ ಎರಡು ಬೇರೆ ಬೇರೆ ಕಸುಬು. ಜಾಝ್‌ನಲ್ಲಿ ನಿಮ್ಮ ಮಾತು ನೀವು ಆಡುತ್ತೀರಿ, ಸೆಷನ್ನಿನಲ್ಲಿ ಬೇರೆಯವರು ಹೇಳಬೇಕಾದ್ದನ್ನು ಅವರ ಪರವಾಗಿ ಹೇಳುತ್ತೀರಿ. ಲಾಸ್ ಏಂಜಲೀಸ್‌ನಲ್ಲಿ 1960ರ ದಶಕದ ಸ್ಟುಡಿಯೋಗಳನ್ನು ನಡೆಸಿದವರೆಲ್ಲ ಹೆಚ್ಚಾಗಿ ಜಾಝ್‌ನವರೇ. ಬಾರ್ನಿ ಕೆಸೆಲ್, ಹೋವರ್ಡ್ ರಾಬರ್ಟ್ಸ್, ಟಾಮಿ ಟೆಡೆಸ್ಕೊ. ಕ್ಯಾರಲ್ ಕೇ ಅನ್ನುವ ಹೆಣ್ಣುಮಗಳು ಬೀಬಾಪ್ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ಸೆಷನ್ನಿಗೆ ಬೇಸ್ ನುಡಿಸುವವನು ಬರಲಿಲ್ಲ, ಇವರು ಬೇಸ್ ಎತ್ತಿಕೊಂಡರು. ಮುಂದೆ ಅವರ ಹೆಸರು ಉಳಿದದ್ದು ಬೇಸ್‌ನಿಂದಲೇ. ಟೆಡೆಸ್ಕೊ ಅವರದು ನನಗೆ ಬಹಳ ಇಷ್ಟವಾದ ಸಂಗತಿ. ಸಿನಿಮಾದವರು ಮ್ಯಾಂಡೊಲಿನ್ ಬೇಕು, ಬ್ಯಾಂಜೋ ಬೇಕು ಅಂತ ಕೇಳಿದಾಗ ಅವನ್ನೆಲ್ಲ ಗಿಟಾರಿನ ಹಾಗೇ ಶ್ರುತಿ ಮಾಡಿಕೊಂಡು ನುಡಿಸಿಬಿಡುತ್ತಿದ್ದರು. ಕೇಳುವವರಿಗೆ ಆ ವಾದ್ಯದ ಬಣ್ಣ ಬೇಕಿತ್ತು, ಅದನ್ನು ಕೊಟ್ಟರು.

ಇನ್ನು ದುಡ್ಡಿನ ವಿಷಯ. ನನ್ನ ಲೆಕ್ಕವನ್ನೇ ಹೇಳುತ್ತೇನೆ, ಇದು ನನ್ನೊಬ್ಬನದು, ಎಲ್ಲರದ್ದೂ ಹೀಗೇ ಇರಬೇಕಿಲ್ಲ. ವರ್ಷಕ್ಕೆ ನನಗೆ ಹತ್ತು ರೂಪಾಯಿ ಬಂದರೆ ನಾಲ್ಕು ರೂಪಾಯಿ ಪಾಠದಿಂದ ಬರುತ್ತದೆ. ಮೂರು ಸೆಷನ್ನಿನಿಂದ. ಎರಡೂವರೆ ಆರ್ಕೆಸ್ಟ್ರಾ, ಕಾರ್ಪೊರೇಟ್ ಶೋ, ಮದುವೆ ರಿಸೆಪ್ಷನ್‌ಗಳಿಂದ. ಜಾಝ್‌ನಿಂದ ಬರುವುದು ಉಳಿದ ಎಂಟಾಣೆ. ನನ್ನ ಬೆಳಗಿನ ಅಭ್ಯಾಸ ಮಾತ್ರ ಪೂರ್ತಿ ಆ ಎಂಟಾಣೆಗೇ ಹೋಗುತ್ತದೆ, ಅದರ ಬಗ್ಗೆ ನನಗೆ ಒಂದು ದಿನವೂ ಬೇಸರ ಬಂದಿಲ್ಲ. ಉಳಿದ ಒಂಬತ್ತೂವರೆ ರೂಪಾಯಿಯ ಕೈಯೂ ಅಲ್ಲೇ ತಯಾರಾಗುವುದು.

ಈ ದುಡ್ಡು ತಿಂಗಳು ತಿಂಗಳು ಒಂದೇ ಸಮ ಬರುವುದಿಲ್ಲ. ಗಣಪತಿ ಹಬ್ಬದಿಂದ ಶುರುವಾದರೆ ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಕೈಗೆ ಬಿಡುವಿರುವುದಿಲ್ಲ. ಆಷಾಢ ಬಂತು ಅಂದರೆ ಮದುವೆ ಇಲ್ಲ, ರಿಸೆಪ್ಷನ್ ಇಲ್ಲ. ಮಕ್ಕಳ ಪರೀಕ್ಷೆ ಬಂದರೆ ಪಾಠವೂ ನಿಲ್ಲುತ್ತದೆ. ನಿಮ್ಮ ಸಂಬಳ ಒಂದನೇ ತಾರೀಖು ಬರುತ್ತದೆ, ಮನೆ ಬಾಡಿಗೆ ಐದನೇ ತಾರೀಖು ಹೋಗುತ್ತದೆ. ಈ ಕಸುಬಿನಲ್ಲಿ ಬಾಡಿಗೆಯ ತಾರೀಖು ಮಾತ್ರ ಗಟ್ಟಿ. ಸೆಷನ್ ದುಡ್ಡು ಮೂರು ತಿಂಗಳಾದ ಮೇಲೆ ಬಂದದ್ದೂ ಇದೆ, ಒಂದು ಸಿನಿಮಾ ನಿಂತೇ ಹೋಗಿ ಆರು ಹಾಡಿನ ದುಡ್ಡು ನನಗೆ ಬರದೇ ಹೋದದ್ದೂ ಇದೆ. ಅವತ್ತಿನಿಂದ ನಾನು ಅರ್ಧ ಅಡ್ವಾನ್ಸ್ ಕೇಳುತ್ತೇನೆ, ಉಳಿದದ್ದು ಫೈಲ್ ಕೊಡುವ ದಿನ. ಕೇಳಲು ಮುಜುಗರ ಆಗುತ್ತದೆ. ಆದರೂ ಕೇಳಿ, ಕೇಳಿದ್ದಕ್ಕೆ ಯಾರೂ ನನ್ನನ್ನು ಕೆಲಸದಿಂದ ಬಿಟ್ಟಿಲ್ಲ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. 1962ರಲ್ಲಿ ಜೇಮ್ಸ್ ಬಾಂಡ್ ಸಿನಿಮಾದ ಆ ಗಿಟಾರ್ ನುಡಿಸಿದ ವಿಕ್ ಫ್ಲಿಕ್ ಲಂಡನ್ನಿನ ಸೆಷನ್ ಕೈ, ಅವರಿಗೆ ಸಿಕ್ಕಿದ್ದು ಅವತ್ತಿನ ಕೂಲಿ. ಅಮೆರಿಕಾದಲ್ಲಿ ಸಂಗೀತಗಾರರ ಯೂನಿಯನ್ ಗಟ್ಟಿಯಾಗಿರುವುದರಿಂದ ಸೆಷನ್ನಿಗೆ ಕನಿಷ್ಠ ದರ ಇದೆ, ಸಿನಿಮಾ ಟಿವಿಗೆ ಹೋದಾಗ ನುಡಿಸಿದವರಿಗೂ ಒಂದು ಪಾಲು ಬರುತ್ತದೆ. ನಮ್ಮಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಹಾಡುವವರಿಗೆ, ನುಡಿಸುವವರಿಗೆ ತಮ್ಮ ನುಡಿಕೆಯ ವ್ಯಾಪಾರಿ ಬಳಕೆಯಲ್ಲಿ ರಾಯಲ್ಟಿ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಇಸಾಮ್ರಾ ಅನ್ನುವ ಸಂಘ ಮೊದಲು ಗಾಯಕರದ್ದಾಗಿತ್ತು, ಈಗ ವಾದ್ಯಗಾರರಿಗೂ ಇದೆ. ಕಾನೂನಿದ್ದ ಮಾತ್ರಕ್ಕೆ ದುಡ್ಡು ಮನೆಗೆ ನಡೆದು ಬರುವುದಿಲ್ಲ, ನಿಮ್ಮ ಹೆಸರು ಹಾಡಿನ ಕ್ರೆಡಿಟ್‌ನಲ್ಲಿ ಇರಬೇಕು. ಹಾಗಾಗಿ ನುಡಿಸಿದ ದಿನವೇ ಹಾಡಿನ ಹೆಸರು, ತಾರೀಖು, ಸ್ಟುಡಿಯೋ, ಯಾವ ವಾದ್ಯ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ವಾಟ್ಸ್ಯಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿ ಕ್ರೆಡಿಟ್ ಖಚಿತ ಮಾಡಿಕೊಳ್ಳಿ. ನಾನು ಮೊದಲ 12 ವರ್ಷ ಇದನ್ನು ಮಾಡಲಿಲ್ಲ. ಆ ಹಾಡುಗಳಲ್ಲಿ ನಾನಿದ್ದೇನೆ ಅಂತ ತೋರಿಸಲು ಈಗ ನನ್ನ ಹತ್ತಿರ ಏನೂ ಇಲ್ಲ.

ಎಐ ಬಗ್ಗೆ ಕೇಳಿದಿರಿ. ಸೆಷನ್ ಕಥೆ ಮುಗೀತು ಅನ್ನುವ ಮಾತನ್ನು ನಾನು ಈ ಕಸುಬಿಗೆ ಬಂದ ದಿನದಿಂದ ಕೇಳುತ್ತಿದ್ದೇನೆ. ಹಿಂದೆ ಹಾಡು ರೆಕಾರ್ಡ್ ಮಾಡುವುದು ಅಂದರೆ ಇಡೀ ಆರ್ಕೆಸ್ಟ್ರಾ ಒಂದೇ ಹಾಲಿನಲ್ಲಿ ಕೂತು ಗಾಯಕರ ಜೊತೆಗೇ ನುಡಿಸುವುದು. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಆಮೇಲೆ ಮಲ್ಟಿಟ್ರ್ಯಾಕ್ ಬಂತು, ಒಬ್ಬೊಬ್ಬರೇ ಬಂದು ನುಡಿಸಿ ಹೋದರು. 1983ರಲ್ಲಿ ಮಿಡಿ ಬಂತು, ಅಂದರೆ ಕೀಬೋರ್ಡು, ಕಂಪ್ಯೂಟರು ಒಂದಕ್ಕೊಂದು ಸ್ವರದ ಸೂಚನೆ ಕಳಿಸುವ ವ್ಯವಸ್ಥೆ. ಒಬ್ಬ ಪ್ರೋಗ್ರಾಮರ್ ಕೀಬೋರ್ಡ್ ಇಟ್ಟುಕೊಂಡು ವಯಲಿನ್ ಸೆಕ್ಷನ್ ಪೂರ್ತಿ ಮಾಡತೊಡಗಿದ. ಹಳೆಯ ವಯಲಿನ್‌ನವರ ಬದುಕು ಅಲ್ಲಿ ನಿಜವಾಗಿಯೂ ಮುರಿಯಿತು. ಅದನ್ನು ನಾನು ಹಗುರವಾಗಿ ಹೇಳುವುದಿಲ್ಲ, ಒಳ್ಳೆ ಕೈಗಳು ಸುಮ್ನೆ ಮನೆಯಲ್ಲಿ ಕೂತದ್ದನ್ನು ಕಣ್ಣಾರೆ ನೋಡಿದ್ದೇನೆ. ಗಿಟಾರ್ ಉಳಿಯಿತು. ಯಾಕೆಂದರೆ ತಂತಿಯ ಮೇಲೆ ಬೆರಳು ಜಾರುವ ಸದ್ದು, ಸ್ಟ್ರಮ್ಮಿನಲ್ಲಿ ಪ್ರತಿ ಸಲ ಸ್ವಲ್ಪ ಬೇರೆ ಬೀಳುವ ತೂಕ, ಇವನ್ನು ಕೀಲಿ ಒತ್ತಿ ತರುವುದು ಕಷ್ಟ.

ಈಗಿನದು ಹೇಗೆ? ನನ್ನ ಅನುಭವದಲ್ಲಿ ಕಂಪನಿ ವಿಡಿಯೋಗಳ ಹಿನ್ನೆಲೆ ಸಂಗೀತ, ಸಣ್ಣ ಜಾಹೀರಾತು, ಹಾಡಿನ ಡೆಮೊ, ಇವು ಕಮ್ಮಿಯಾಗಿವೆ. ಎರಡು ವರ್ಷದ ಹಿಂದೆ ತಿಂಗಳಿಗೆ ನಾಲ್ಕೈದು ಬರುತ್ತಿದ್ದವು, ಈಗ ಒಂದು ಬಂದರೆ ಹೆಚ್ಚು. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದದ್ದೇ ಅಂಥ ಕೆಲಸದಲ್ಲಿ. ನಿಮಗೆ ತೊಂದರೆ ಇರುವುದು ಅಲ್ಲಿ. ಮೇಲಿನ ಮೆಟ್ಟಿಲು ಇದೆ, ಕೆಳಗಿನ ಮೆಟ್ಟಿಲುಗಳು ಕರಗುತ್ತಿವೆ. ಸಂಗೀತ ನಿರ್ದೇಶಕರು ಎದುರಿಗೆ ಕೂತು ಈ ಸಾಲಿನ ಕೊನೆಗೆ ಗಿಟಾರ್ ಒಂಚೂರು ನಾಚಿಕೊಳ್ಳಲಿ ಅಂದರೆ ಏನು ನುಡಿಸಬೇಕು ಅನ್ನುವುದು ನಿಮಗೆ ಹೊಳೆಯಬೇಕು. ಆ ಕೆಲಸ ಇನ್ನೂ ನಮ್ಮ ಹತ್ತಿರವೇ ಇದೆ.

ಅದಕ್ಕೆ ನಿಮ್ಮ ಹತ್ತಿರ ಮನೆಯಲ್ಲೇ ಒಂದು ಸಣ್ಣ ಸೆಟಪ್ ಇರಲಿ. ಒಳ್ಳೆ ಇಂಟರ್‌ಫೇಸ್ (ಗಿಟಾರ್, ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಒಂದು, ಮೈಕ್ ಒಂದು, ಸದ್ದಿಲ್ಲದ ಮೂಲೆ ಒಂದು. ಈಗ ಎಷ್ಟೋ ಸೆಷನ್ ಫೈಲ್ ಕಳಿಸಿಯೇ ಮುಗಿಯುತ್ತದೆ. ಫೈಲ್ ಕಳಿಸುವಾಗ 24 ಬಿಟ್, 48 ಕಿಲೋಹರ್ಟ್ಝ್, ಹಾಡಿನ ಮೊದಲ ಬಾರ್‌ನಿಂದಲೇ ಶುರುವಾಗಿರಬೇಕು, ಎಫೆಕ್ಟ್ ಇಲ್ಲದ್ದೊಂದು ಎಫೆಕ್ಟ್ ಇರುವುದೊಂದು, ಹೆಸರು ಸರಿಯಾಗಿ ಬರೆದಿರಬೇಕು. ರಾತ್ರಿ ಎರಡು ಗಂಟೆಗೆ ಮಿಕ್ಸ್ ಮಾಡುತ್ತಿರುವವನಿಗೆ ನಿಮ್ಮ ಫೈಲ್ ಎಳೆದು ಹಾಕಿದ ತಕ್ಷಣ ಜಾಗಕ್ಕೆ ಕೂತರೆ ಅವನು ನಿಮ್ಮನ್ನು ಮರೆಯುವುದಿಲ್ಲ. ನಾನು ಹೇಳಿದ ಎರಡನೇ ಫೋನ್ ಎಷ್ಟೋ ಸಲ ಬರುವುದು ಅವನಿಂದ.

ನೊಟೇಶನ್ ಓದಲು ಬಾರದೆ ದೊಡ್ಡವರಾದವರೂ ಇದ್ದಾರೆ. ಗ್ಲೆನ್ ಕ್ಯಾಂಪ್ಬೆಲ್ ಅದೇ ಲಾಸ್ ಏಂಜಲೀಸ್ ಗುಂಪಿನಲ್ಲಿ ಓದಲು ಬಾರದೆಯೇ ನುಡಿಸಿದರು. ಆದರೆ ಅವರ ಕಿವಿ ಅಂಥದು. ನೀವು ಕಲಿಯಿರಿ. ದಿನಾ 20 ನಿಮಿಷ, ಗಿಟಾರಿಗೆ ಬರೆದದ್ದಲ್ಲ, ಕ್ಲಾರಿನೆಟ್ ಅಥವಾ ವಯಲಿನ್ ಪುಸ್ತಕದಿಂದ ಓದಿ. ಬೆರಳಿಗೆ ಗೊತ್ತಿರುವ ಜಾಗ ಬಿಟ್ಟು ಕಣ್ಣು ಹೇಳಿದ ಜಾಗಕ್ಕೆ ಹೋಗುವುದನ್ನು ಅದು ಕಲಿಸುತ್ತದೆ. ಒಂದು ವರ್ಷದಲ್ಲಿ ನಿಮಗೆ ಧೈರ್ಯ ಬರುತ್ತದೆ. ಅದರ ಜೊತೆಗೆ ಸರಿಗಮ. ನಮ್ಮ ಸ್ಟುಡಿಯೋಗಳಲ್ಲಿ ಎಷ್ಟೋ ಸಲ ಕಾಗದವೇ ಇರುವುದಿಲ್ಲ. ಅರೇಂಜರ್ ಟಾಕ್‌ಬ್ಯಾಕ್‌ನಲ್ಲಿ ಗ ಮ ಪ, ನಿ ದ ಪ ಅಂತ ಹಾಡಿಬಿಡುತ್ತಾರೆ. ಷಡ್ಜ ಯಾವುದು ಅಂತ ಹಿಡಿದು ನೀವು ಆ ಕ್ಷಣಕ್ಕೆ ನುಡಿಸಬೇಕು. ಚಿಕ್ಕಂದಿನಲ್ಲಿ ಕಲಿತ ಸರಳೆ ವರಸೆ ನನಗೆ ಎಷ್ಟು ಊಟ ಹಾಕಿದೆ ಅಂತ ಹೇಳಿದರೆ ನಂಬಲಿಕ್ಕಿಲ್ಲ.

ಈಗ ದೊಡ್ಡ ತೀರ್ಮಾನ. ಸಾಲ ಮಾಡಿ ಅಮೆರಿಕಾಗೆ ಹೋಗುವುದು ಬೇಡ ಅಂತ ನಾನು ಸುಲಭವಾಗಿ ಹೇಳುವುದಿಲ್ಲ. ಅಲ್ಲಿ ಓದಿ ಬಂದವರ ಜೊತೆ ನುಡಿಸಿದ್ದೇನೆ, ಅವರು ಕಲಿತದ್ದು ಕಾಣುತ್ತದೆ. ನಿಮಗಿಂತ ಚೆನ್ನಾಗಿ ನುಡಿಸುವ ಐವತ್ತು ಜನ ಒಂದೇ ಕಟ್ಟಡದಲ್ಲಿ ಸಿಗುವುದು ಬೇರೆಯೇ ಶಾಲೆ. ಸ್ಕಾಲರ್‌ಶಿಪ್ ಸಿಕ್ಕರೆ ಹಿಂದೆ ಮುಂದೆ ನೋಡದೆ ಹೋಗಿ. ಪೂರ್ತಿ ಸಾಲದ ಮೇಲೆ ಅಂದರೆ ನನಗೆ ಹೆದರಿಕೆ. ಸಂಗೀತ ಓದಿದವರಿಗೆ ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವುದು 12 ತಿಂಗಳು. ಎಂಜಿನಿಯರಿಂಗ್ ಓದಿದವರಿಗೆ ಸಿಗುವ ಹೆಚ್ಚಿನ 24 ತಿಂಗಳು ಇದಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಹನ್ನೆರಡು ತಿಂಗಳಲ್ಲಿ ಹೊಸ ಊರಿನಲ್ಲಿ ಎರಡನೇ ಫೋನ್ ಬರುವ ಹಾಗೆ ಮಾಡಿಕೊಳ್ಳುವುದು ಆಗದ ಮಾತಲ್ಲ, ಆದರೆ ಬಹಳ ಕಷ್ಟ. ವಾಪಸ್ ಬಂದರೆ ಸಾಲದ ಕಂತು ಡಾಲರ್ ಲೆಕ್ಕದ್ದು, ವರಮಾನ ಆಷಾಢದ ಲೆಕ್ಕದ್ದು. ಕಂತು ಕಟ್ಟುವುದಕ್ಕೋಸ್ಕರ ಮತ್ತೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಗಿಟಾರ್ ಮುಟ್ಟದೇ ಹೋದವರು ನನಗೆ ಗೊತ್ತು, ಅವರ ಕೈ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ನಾಳೆಯೇ ಕೆಲಸ ಬಿಟ್ಟು ಇಳಿಯುವುದೂ ಒಂದು ದಾರಿ. ಅದಕ್ಕೆ ಒಂದು ಬಲ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಎರಡು ಗಂಟೆಗೆ ಬನ್ನಿ ಅಂದರೆ ಹೋಗಬಲ್ಲವನಿಗೇ ಈ ಕೆಲಸ ಸಿಗುವುದು. ಆಫೀಸ್ ಇರುವವರು ಅಲ್ಲಿ ಸೋಲುತ್ತಾರೆ. ಅಪಾಯ ಏನೆಂದರೆ, ಕೈ ಖಾಲಿ ಇರುವಾಗ ಬಂದದ್ದಕ್ಕೆಲ್ಲ ಹೂಂ ಅನ್ನುತ್ತೀರಿ, ಕಮ್ಮಿ ದುಡ್ಡಿಗೆ ಒಪ್ಪುತ್ತೀರಿ, ಆ ದರವೇ ನಿಮ್ಮ ಹೆಸರಿಗೆ ಅಂಟುತ್ತದೆ. ಒಂದು ಸಲ ಅಂಟಿದ ದರ ಏರಿಸಲು ನನಗೆ ಐದು ವರ್ಷ ಬೇಕಾಯಿತು.

ನಿಮ್ಮ ಜಾಗದಲ್ಲಿದ್ದರೆ ನಾನು ಒಂದೂವರೆ ವರ್ಷ ಕೆಲಸದಲ್ಲೇ ಇರುತ್ತಿದ್ದೆ. ಒಂದು ವರ್ಷದ ಖರ್ಚು, ಬಾಡಿಗೆ ಸೇರಿಸಿ, ಪಕ್ಕಕ್ಕಿಡುತ್ತಿದ್ದೆ. ಈಗಲೇ ಭಾನುವಾರ ಮೂರು ಜನ ಮಕ್ಕಳಿಗೆ ಪಾಠ ಶುರು ಮಾಡುತ್ತಿದ್ದೆ, ಯಾಕೆಂದರೆ ಪಾಠ ಹೇಳುವುದೂ ಕಲಿಯಬೇಕಾದ ವಿದ್ಯೆ, ಬೇರೆ ಗತಿ ಇಲ್ಲದಾಗ ಶುರು ಮಾಡಿದರೆ ಮಕ್ಕಳಿಗೆ ಅದು ಗೊತ್ತಾಗುತ್ತದೆ. ರಾತ್ರಿ ಮತ್ತು ಶನಿವಾರ ಫೈಲ್ ಕಳಿಸುವ ಸೆಷನ್ ಹುಡುಕುತ್ತಿದ್ದೆ. ನೈಲಾನ್ ತಂತಿಯ ಗಿಟಾರ್ ಒಂದು, ಸ್ಟೀಲ್ ತಂತಿಯದ್ದು ಒಂದು, ನಿಮ್ಮ ಹತ್ತಿರ ಇರುವ ಎಲೆಕ್ಟ್ರಿಕ್ ಒಂದು, ಮೂರನ್ನೂ ಸಮವಾಗಿ ಪಳಗಿಸುತ್ತಿದ್ದೆ. ಈ ದಾರಿಯ ಅಪಾಯವೂ ಹೇಳಬೇಕು. ದಣಿವು. ಎಂಟು ಗಂಟೆ ಕೆಲಸ, ಟ್ರಾಫಿಕ್ಕು, ಆಮೇಲೆ ಗಿಟಾರ್. ಒಂದೂವರೆ ವರ್ಷ ಮೂರು ವರ್ಷವಾಗಿ, ಮೂರು ಐದಾಗಿ, ಕೊನೆಗೆ ಬಿಡುವುದೇ ಇಲ್ಲ. ಅದಕ್ಕೆ ತಾರೀಖಿನ ಬದಲು ಒಂದು ಗುರುತು ಇಟ್ಟುಕೊಳ್ಳಿ: ಮೂರು ಬೇರೆ ಬೇರೆ ಜನ ನಿಮ್ಮನ್ನು ಎರಡನೇ ಸಲ ಕರೆದ ದಿನ. ಸುಮ್ನೆ ಪರಿಚಯಕ್ಕೆ ಕರೆದದ್ದಲ್ಲ, ಎರಡನೇ ಸಲ. ಆವತ್ತು ಅಪ್ಪನ ಹತ್ತಿರ ಮಾತಾಡಿ. ಆ ಮೂರು ಹಾಡು ಅವರಿಗೆ ಕೇಳಿಸಿ, ನಿಮ್ಮ ಗಿಟಾರ್ ಎಲ್ಲಿ ಬರುತ್ತದೆ ಅಂತ ತೋರಿಸಿ.

ಕೊನೆಯದಾಗಿ ಕೈ. ಇದನ್ನು ನೀವು ಪತ್ರದ ತುದಿಯಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದೀರಿ, ನಾನು ಇದನ್ನೇ ಮೊದಲು ಮಾಡಿ ಅನ್ನುತ್ತೇನೆ. ನಾನು ಡಾಕ್ಟರ್ ಅಲ್ಲ. ಆದರೆ ಮೂರು ತಿಂಗಳ ನೋವು, ಕಿರುಬೆರಳಿನ ಜುಮ್ಮು ಅಂದರೆ ಬೆರಳಿಗೆ ಹೋಗುವ ನರ ಎಲ್ಲೋ ಒತ್ತಿಕೊಂಡಿರಬಹುದು, ಮಣಿಕಟ್ಟಿನಲ್ಲಾದರೂ ಮೊಣಕೈಯಲ್ಲಾದರೂ. ಇಡೀ ದಿನ ಕೀಬೋರ್ಡು, ರಾತ್ರಿ ಮಣಿಕಟ್ಟು ಬಗ್ಗಿಸಿ ಐದು ಫ್ರೆಟ್ ಅಗಲದ ಕಾರ್ಡು. ನನಗೆ 34ನೇ ವಯಸ್ಸಿನಲ್ಲಿ ಹೀಗೇ ಆಯಿತು, ಅಸಡ್ಡೆ ಮಾಡಿದೆ, ಕೊನೆಗೆ ಏಳು ವಾರ ಗಿಟಾರ್ ಕೆಳಗಿಡಬೇಕಾಯಿತು. ಆ ಏಳು ವಾರದಲ್ಲಿ ಬಂದ ಫೋನುಗಳು ಬೇರೆಯವರಿಗೆ ಹೋದವು. ಗಿಟಾರ್ ಕುತ್ತಿಗೆ ಸ್ವಲ್ಪ ಮೇಲೆ ಬರುವ ಹಾಗೆ ಪಟ್ಟಿ ಕಟ್ಟಿಕೊಳ್ಳಿ, ಹೆಬ್ಬೆರಳಿನ ಹಿಡಿತ ಸಡಿಲ ಮಾಡಿ, 25 ನಿಮಿಷಕ್ಕೊಮ್ಮೆ ಕೈಗೆ ಬಿಡುವು ಕೊಡಿ, ನೋವಿದ್ದಾಗ ನುಡಿಸಬೇಡಿ. ಆದರೆ ಇದಷ್ಟನ್ನೇ ನಂಬಿ ಕೂರಬೇಡಿ, ಮೊದಲು ಡಾಕ್ಟರ್ ನೋಡಲಿ. ಕೈಯ ನರ, ಮೂಳೆ ನೋಡುವವರ ಹತ್ತಿರ ಈ ವಾರವೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಈಗ ನಿಮಗೆ ಕಂಪನಿಯ ವಿಮೆ ಇದೆ. ಕೆಲಸ ಬಿಟ್ಟು ಆಮೇಲೆ ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇದ್ದ ತೊಂದರೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಡಾಕ್ಟರ್ ಏನಂದರು ಅಂತ ನನಗೂ ಒಂದು ಸಾಲು ಬರೆಯಿರಿ, ಆ ಎರಡು ತಂತಿಯ ಟೂ-ಫೈವ್-ಒನ್ ರೆಕಾರ್ಡ್ ಮಾಡಿ ಜೊತೆಗೆ ಕಳಿಸಿ, ಆದರೆ ಕೈ ಒಪ್ಪಿದ ಮೇಲೆ.